ರೋಗ ಖರೆ, ಪಥ್ಯ ಯಾರು ಮಾಡಬೇಕು?

ನಮ್ಮ ಕಡೆ ಕುಡಿಯೋರ ಮಾತು ಬಂತಂದ್ರ ಎರಡೇ ಥರ ಮಾತಾಡ್ತಾರ. ಒಂದು, "ಅಂವಾ ಕುಡಕ ಬಿಡ್ರಿ, ಸುಧಾರಿಸೋ ಪೈಕಿ ಅಲ್ಲ" ಅಂತ ಕೈ ತೊಳಕೊಳ್ಳೋದು. ಇನ್ನೊಂದು, "ಪಾಪ, ಅಂವಾ ಏನ್ ಮಾಡ್ತಾನ, ಕೆಟ್ಟ ಗೆಳ್ಯಾರು ಗಂಟು ಬಿದ್ರು, ಆಫೀಸಿನಾಗ ಟೆನ್ಶನ್ನು, ಮನ್ಯಾಗ ಹೆಂಡತಿ ಬಾಯಿ ಜೋರು" ಅಂತ ಕುಡಿಯಾಂವನೊಬ್ಬನ್ನ ಬಿಟ್ಟು ಉಳಿದವರೆಲ್ಲಾರ ಮ್ಯಾಲೆ ಹಾಕೋದು. ಈಗೀಗ ಮೂರನೇದೊಂದು ಬಂದದ. "ಅದು ಒಂದು ರೋಗ ಅಂತ್ರಿ, ಡಾಕ್ಟ್ರೇ ಹೇಳ್ತಾರ. ರೋಗ ಅಂದಮ್ಯಾಲೆ ಅಂವಂದೇನು ತಪ್ಪು?"

ಮೊನ್ನೆ ಅರಿಷಿಣ-ಕುಂಕುಮಕ್ಕ ಕೂಡಿದಾಗ ಬಳಗದಾಗಿನ ಒಬ್ಬ ಹುಡುಗಿ ನನ್ನ ಬಾಜೂಕ ಬಂದು ಕೂತ್ಲು. ಯಾರಿಗೂ ಕೇಳಿಸದಂಗ, "ಕಾಕು, ಅದು ರೋಗ ಆದ್ರ ನಾ ಅವರಿಗೆ ಬೈಯೋದು ತಪ್ಪಲ್ಲೇನು? ಜ್ವರ ಬಂದವರಿಗೆ ಯಾರರ ಬೈತಾರೇನು?" ಅಂತ ಕೇಳಿದ್ಲು. ಎಲ್ಲಾರ ನಡುವ ನಾ ಏನು ಹೇಳಲಿ? "ತಡಿವಾ, ವಿಚಾರ ಮಾಡಿ ಬರೀತೇನಿ" ಅಂದೆ.

ಬರೀಲಿಕ್ಕೆ ಕೂತಾಗ ಒಂದು ಕಷ್ಟ ಬಂತು. ನಮ್ಮ ಮಂದಿ ಕತಿ ಬರದ್ರ "ಇದು ಇಂಥವರ ಮನೀದೇ" ಅಂತ ನಾಳೆ ಎಲ್ಲಾರೂ ಬೆರಳು ಮಡಚಿ ಎಣಸ್ತೀರಿ. ಅದಕ್ಕ ದೂರದ್ದೊಂದು ಕತಿ ತಗೊಂಡೇನಿ. ಇಂಗ್ಲಂಡಿನ ಫುಟ್‌ಬಾಲ್ ಆಟಗಾರ ಟೋನಿ ಆ್ಯಡಮ್ಸ್‌ಂದು. ಅಂವನ ಕತಿ ಪೇಪರಿನಾಗ ಬಂದದ, ಕೋರ್ಟಿನಾಗ ಬಂದದ, ಅಂವನೇ ಪುಸ್ತಕಾನೂ ಬರದಾನ. ಮುಚ್ಚಿಡೋದು ಏನೂ ಉಳದಿಲ್ಲ.

ಫುಟ್‌ಬಾಲಿಗೂ ನಿನಗೂ ಏನ್ ಸಂಬಂಧ ಅಂತ ಕೇಳಬ್ಯಾಡ್ರಿ. ಮನ್ಯಾಗ ಆರ್ಸೆನಲ್ ಅಂದ್ರ ಜೀವಾ ಬಿಡೋ ಮಗ ಇದ್ದಾನ. ರಾತ್ರಿ ಮ್ಯಾಚ್ ಇದ್ದಾಗೆಲ್ಲಾ ಅಂವಗ ಚಹಾ ಮಾಡಿಕೊಡ್ತ ಕೊಡ್ತ ನನಗೂ ಆಫ್‌ಸೈಡ್ ಅಂದ್ರ ಏನು ತಿಳದದ. ಒಮ್ಮೆ ಟಿವ್ಯಾಗ ಅವರ ಸ್ಟೇಡಿಯಂ ಹೊರಗಿನ ಒಂದು ಮೂರ್ತಿ ತೋರಿಸಿದ್ರು, ಎರಡೂ ಕೈ ಚಾಚಿ ನಿಂತದ್ದು. "ಇಂವಾ ಯಾರೋ?" ಅಂದೆ. "ನಮ್ಮ ಹಳೇ ಕ್ಯಾಪ್ಟನ್ ಅವ್ವಾ. ಕುಡದು ಗಾಡಿ ಹೊಡದು ಜೇಲಿಗೆ ಹೋಗಿದ್ದ" ಅಂದ. ಜೇಲಿಗೆ ಹೋಗಿ ಬಂದಾಂವಂದು ಮೂರ್ತಿ ಯಾಕ ನಿಲ್ಲಿಸ್ಯಾರ ಅಂತ ನನಗ ತಲ್ಯಾಗ ಹುಳಾ ಬಿಟ್ಟಂಗಾತು. ಆಮ್ಯಾಲೆ ಅಂವನ್ನೂ ಕೇಳಿ, ನಾನೂ ಓದಿ ತಿಳಕೊಂಡೆ.

ಆ್ಯಡಮ್ಸ್ ಹುಟ್ಟಿದ್ದು 1966ರಾಗ, ಲಂಡನ್ನಿನ ಪೂರ್ವಕ್ಕಿರೋ ರೊಮ್‌ಫರ್ಡ್‌ನಾಗ. 17 ವರ್ಷದಾಂವ ಇದ್ದಾಗ, 1983ರಾಗ, ಆರ್ಸೆನಲ್ ದೊಡ್ಡ ಟೀಮಿನಾಗ ಆಡಿದ. 1988ರಾಗ, ಇನ್ನೂ 21 ವರ್ಷದಾಂವಗ ಕ್ಯಾಪ್ಟನ್ ಪಟ್ಟ ಕೊಟ್ರು. ಅಂವಾ ಡಿಫೆಂಡರ್. ಅಂದ್ರ ಗೋಲು ಹೊಡಿಯಾಂವಲ್ಲ, ಹೊಡೀಲಿಕ್ಕೆ ಬಂದವರನ್ನ ತಡಿಯಾಂವ. ಮನಿ ಹಿರೇ ಸೊಸಿ ಇದ್ದಂಗ ನೋಡ್ರಿ. ಎಲ್ಲಾ ಸುಸೂತ್ರ ನಡದ್ರ ಯಾರೂ ಹೆಸರು ತಗೊಳ್ಳೂದಿಲ್ಲ, ಒಂದು ಕೆಟ್ರ ಮಾತ್ರ ಎಲ್ಲಾರ ಕಣ್ಣೂ ಆಕಿ ಮ್ಯಾಲೆ. 1989ರಾಗ ಲಿವರ್‌ಪೂಲಿಗೆ ಹೋಗಿ ಅವರ ಮೈದಾನದಾಗೇ 2-0 ಗೆದ್ದು ಲೀಗ್ ಕಪ್ಪು ತಂದ್ರಲ್ಲ, ಆ ಟೀಮಿನ ಕ್ಯಾಪ್ಟನ್ ಇಂವನ.

ಆಗಿನ ಇಂಗ್ಲಂಡಿನಾಗ ಆಟಗಾರರು ಕುಡಿಯೋದು ಮುಚ್ಚಿಡೋ ಮಾತೇ ಆಗಿರಲಿಲ್ಲ. ಆರ್ಸೆನಲ್ ಆಟಗಾರರದ್ದು ಮಂಗಳವಾರದ ಕೂಟ ಅಂತನ ಒಂದಿತ್ತು. ಮಂಗಳವಾರ ಮೈಮುರಿ ಪ್ರ್ಯಾಕ್ಟೀಸು, ಬುಧವಾರ ಸೂಟಿ. ಹಿಂಗಾಗಿ ಮಂಗಳವಾರ ಪ್ರ್ಯಾಕ್ಟೀಸು ಮುಗದ ಕೂಡಲೇ ಎಲ್ಲಾರೂ ಕೂಡಿ ಕುಡೀಲಿಕ್ಕೆ ಹೋಗೋದು. ಕೂಡಿ ಕುಡದ್ರ ಟೀಮಿನಾಗ ಒಗ್ಗಟ್ಟು ಬರ್ತದ ಅಂತಿದ್ರು. ನಮ್ಮಲ್ಲೂ ಹಂಗ ಅಲ್ಲೇನ್ರಿ? "ಆಫೀಸಿನವರು ಕರೀತಾರ, ಹೋಗದಿದ್ರ ಛಲೋ ಕಾಣೂದಿಲ್ಲ" ಅಂತ ಸುರು ಆಗ್ತದ.

1990ರ ಮೇ 6ಕ್ಕ ಆ್ಯಡಮ್ಸ್ ರೇಲಿ ಅನ್ನೋ ಊರಾಗ ಕುಡದ ಅಮಲಿನಾಗ ಕಾರು ಹೊಡದು ಗ್ವಾಡಿಗೆ ಗುದ್ದಿದ. ರಕ್ತದಾಗ ಕಾನೂನು ಒಪ್ಪೋ ಮಿತಿಗಿಂತ 4 ಪಟ್ಟಿಗೂ ಹೆಚ್ಚು ಶೆರೆ ಇತ್ತು. ಯಾರ ಪ್ರಾಣಾನೂ ಹೋಗಲಿಲ್ಲ. ಅದು ದೈವ, ಅಂವನ ಶ್ಯಾಣ್ಯಾತನ ಅಲ್ಲ. ಆ ರಸ್ತಾದಾಗ ಯಾರ್ದರ ಕೂಸು ನಡಕೋತ ಹೊಂಟಿದ್ರ? ಡಿಸೆಂಬರ್ 19ಕ್ಕ ಸೌತೆಂಡ್ ಕೋರ್ಟು 4 ತಿಂಗಳ ಜೇಲು ಹಾಕಿತು. ದೇಶದ ಟೀಮಿನಾಗ ಆಡೋ ಹುಡುಗ, ದೊಡ್ಡ ಕ್ಲಬ್ಬಿನ ಕ್ಯಾಪ್ಟನ್ ಅಂತ ಬಿಡಲಿಲ್ಲ. ಅರ್ಧಾ ಶಿಕ್ಷಾ ಮುಗಿಸಿ 1991ರ ಫೆಬ್ರುವರಿ 15ಕ್ಕ ಹೊರಗ ಬಂದ. ಅವರ ದೊಡ್ಡ ಹಬ್ಬ ಕ್ರಿಸ್‌ಮಸ್ ಜೇಲಿನಾಗ ಕಳೀತು.

ಇಲ್ಲಿ ತನಕಾ ಕೇಳಿ ನೀವು ಏನಂತೀರಿ? "ಜೇಲು ಕಂಡ್ನಲ್ಲ, ಬುದ್ಧಿ ಬಂದಿರಬೇಕು." ಇಲ್ರಿ, ಬರಲಿಲ್ಲ. ಜೇಲಿನಿಂದ ಬಂದಮ್ಯಾಲೂ ಐದೂವರಿ ವರ್ಷ ಕುಡದ.

ಯಾಕ ಅಂತ ನಾ ವಿಚಾರ ಮಾಡಿದೆ. ಅಂವಾ ಹೊರಗ ಬಂದಾಗ ಅಭಿಮಾನಿಗಳು ಜೈಕಾರ ಹಾಕಿ ಕರಕೊಂಡ್ರು. ಮ್ಯಾನೇಜರ್ ಜಾರ್ಜ್ ಗ್ರಹಾಂ ಕ್ಯಾಪ್ಟನ್ ಪಟ್ಟ ತಗೀಲಿಲ್ಲ. ಆ ವರ್ಷ ಆರ್ಸೆನಲ್ 38 ಮ್ಯಾಚಿನಾಗ ಸೋತದ್ದು ಒಂದ ಒಂದು, ಅದೂ ಇಂವಾ ಜೇಲಿನಾಗ ಇದ್ದಾಗ. ಲೀಗ್ ಕಪ್ಪು ಮತ್ತ ಬಂತು. 1993ರಾಗ ಎರಡು ಕಪ್ಪು, 1994ರಾಗ ಯುರೋಪಿನ ಒಂದು ಕಪ್ಪು. ಎಲ್ಲಾ ಎತ್ತಿದ್ದು ಇಂವನ ಕೈ. ಅದೇ 1993ರಾಗ ಕ್ಲಬ್ಬೊಂದರ ಮೆಟ್ಟಿಲ ಮ್ಯಾಲಿಂದ ಬಿದ್ದು ತಲಿಗೆ 29 ಹೊಲಿಗಿ ಹಾಕಿಸಿಕೊಂಡ. ಕಪ್ಪಿನ ಫೋಟೋ ಎಲ್ಲಾರ ಮನ್ಯಾಗ ಇತ್ತು. ಹೊಲಿಗಿ ಯಾರು ಲೆಕ್ಕ ಇಡ್ತಾರ?

ನಮ್ಮ ಮನಿಗಳಾಗ ಕಪ್ಪು ಇರೂದಿಲ್ಲ, ಪಗಾರ ಇರ್ತದ. "ಏನೋ ಒಂದೀಟು ಕುಡೀತಾನ, ಆದ್ರ ಪಗಾರ ಪೂರ್ತಿ ತಂದು ಕೊಡ್ತಾನಲ್ಲವಾ, ಕೆಲಸಕ್ಕ ಒಂದಿನಾ ತಪ್ಪಿಸಿಲ್ಲಲಾ" ಅಂತ ಹಿರ್‍ಯಾರು ಹೇಳ್ತಾರ. ಪಗಾರ ಬರೋ ತನಕಾ ರೋಗ ಕಾಣೂದಿಲ್ಲ. ಆ್ಯಡಮ್ಸ್‌ಂದೂ ಹಂಗೇ ಆತು. ಕೆಲಸ ಛಲೋ ನಡದದ ಅನ್ನೋದೇ ಅಂವನ ರೋಗಕ್ಕ ಹೊದಿಕಿ ಆತು.

ಇನ್ನೂ ಒಂದು ಕೇಳ್ರಿ. ಅದೇ ಟೀಮಿನಾಗ ಪಾಲ್ ಮರ್ಸನ್ ಅಂತ ಇನ್ನೊಬ್ಬ ಆಟಗಾರ. ಅಂವಾ 1994ರ ನವೆಂಬರಿನಾಗ "ನನಗ ಕುಡಿತ, ಜೂಜು, ಮಾದಕ ಪುಡಿ ಎಲ್ಲಾ ಅಂಟಿಕೊಂಡದ" ಅಂತ ಲೋಕದ ಮುಂದ ಅತ್ತು ಹೇಳಿ ಚಿಕಿತ್ಸಾಕ್ಕ ಹೋದ. ಬಾಜೂಕ ಕೂತು ಬೂಟು ಕಟ್ಟಿಕೊಳ್ಳೋ ಗೆಳ್ಯಾನ ಗತಿ ಕಣ್ಣಾರೆ ನೋಡಿದ ಕ್ಯಾಪ್ಟನ್ ಮತ್ತ ಎರಡು ವರ್ಷ ಕುಡದ. ಇನ್ನೊಬ್ಬರನ್ನ ನೋಡಿ ಬುದ್ಧಿ ಬರ್ತದ ಅಂತ ನಾವು ಅಂತೀವಲ್ಲ, ಈ ರೋಗದಾಗ ಆ ಮಾತು ಭಾಳ ನಡಿಯೂದಿಲ್ಲ.

1996ರಾಗ ಯುರೋಪಿನ ದೊಡ್ಡ ಟೂರ್ನಮೆಂಟು ಇಂಗ್ಲಂಡಿನಾಗ ಆತು. ದೇಶದ ಟೀಮಿಗೂ ಇಂವಾ ಕ್ಯಾಪ್ಟನ್. ಸೆಮಿಫೈನಲ್ಲಿನಾಗ ಜರ್ಮನಿ ಎದುರಿಗೆ ಪೆನಾಲ್ಟ್ಯಾಗ ಸೋತ್ರು. ಟೂರ್ನಮೆಂಟ್ ನಡದಾಗ ಬಾಯಿ ಕಟ್ಟಿಕೊಂಡಾಂವ, ಸೋತಮ್ಯಾಲೆ ವಾರಗಟ್ಟಲೆ ಕುಡದ. ಕಡೇ ಗುಟುಕು ಕುಡದದ್ದು ಆಗಸ್ಟ್ 16ಕ್ಕ. ಆಗ ಅಂವಗ 29 ವರ್ಷ. ಸೆಪ್ಟೆಂಬರ್ 14ಕ್ಕ ಟೀಮಿನವರನ್ನೆಲ್ಲಾ ಕೂಡಿಸಿ, "ನಾ ಕುಡಿತಕ್ಕ ಅಡಿಯಾಳು ಆಗೇನಿ" ಅಂತ ತಾನೇ ಬಾಯಿಬಿಟ್ಟು ಹೇಳಿದ.

ಆರ್ಸೆನಲ್‌ಗೆ ಫ್ರಾನ್ಸಿನ ಆರ್ಸೆನ್ ವೆಂಗರ್ ಮ್ಯಾನೇಜರ್ ಆಗಿ ಬಂದು ಎಲ್ಲಾರ ಊಟ ಬದಲಿಸಿದ, ಕುಡಿಯೋ ಚಟಕ್ಕ ಕಡಿವಾಣ ಹಾಕಿದ ಅಂತ ನನ್ನ ಮಗ ದೇವರ ಕತಿ ಹೇಳಿದಂಗ ಹೇಳ್ತಾನ. ಕುದಿಸಿದ ಕಾಯಿಪಲ್ಲೆ, ಸಿಹಿ ಬಂದ್, ಎಲ್ಲಾ ಖರೆ. ಆದ್ರ ನಾವು ಪಂಚಾಂಗ ನೋಡೋ ಮಂದಿ, ತಾರೀಖು ನೋಡ್ರಿ. ವೆಂಗರ್ ಕೆಲಸಕ್ಕ ಹತ್ತಿದ್ದು ಅಕ್ಟೋಬರ್ 1ಕ್ಕ. ಆ್ಯಡಮ್ಸ್ ಬಾಟ್ಲಿ ಕೆಳಗಿಟ್ಟದ್ದು ಅದಕ್ಕೂ ಒಂದೂವರಿ ತಿಂಗಳು ಮೊದಲ. ಹಳೇ ಮ್ಯಾನೇಜರನ್ನ ತಗದಿದ್ರು, ಹೊಸಾವ ಬಂದಿರಲಿಲ್ಲ. ಮೊದಲನೇ ಹೆಜ್ಜಿ ಅಂವನೇ ಇಟ್ಟ. ಆಮ್ಯಾಲೆ ಬಂದ ಒಳ್ಳೇ ಊಟ, ಒಳ್ಳೇ ಗುರು ಅದಕ್ಕ ಕೂಡಿ ಬಂತು. ಗುರುವಿಗೆ ಕೊಡೋ ಮಾನ ಕೊಡೋಣು, ಆದ್ರ ಹೆಜ್ಜಿ ಯಾರದು ಅನ್ನೋದು ಮರೀಬಾರದು.

ಆಮ್ಯಾಲೆ ಏನಾತು? ಪಿಯಾನೋ ಕಲೀಲಿಕ್ಕೆ ಹತ್ತಿದ, ಓದ್ಲಿಕ್ಕೆ ಹತ್ತಿದ. ಸಂಜೀ ಹೊತ್ತು ಖಾಲಿ ಬಿಟ್ರ ಬಾಟ್ಲಿ ಬಂದು ಕೂಡ್ತದ ಅಂತ ಅಂವಗ ತಿಳದಿತ್ತು ಅಂತ ನನಗ ಅನಸ್ತದ. 1998ರಾಗ ಆರ್ಸೆನಲ್ ಲೀಗ್ ಕಪ್ಪು, ಎಫ್.ಎ. ಕಪ್ಪು ಎರಡೂ ಗೆದ್ದಿತು. ಮೇ 3ಕ್ಕ ಎವರ್ಟನ್ ಎದುರಿಗೆ ಮ್ಯಾಚು ಮುಗೀಲಿಕ್ಕೆ ಬಂದಾಗ ಈ ಡಿಫೆಂಡರ್ ಮುಂದ ಓಡಿ ಬಂದು ಎಡಗಾಲಿಲೆ ಗೋಲು ಹೊಡದ, 4-0. ಹೊಡದು ಎರಡೂ ಕೈ ಚಾಚಿ ಸುಮ್ಮ ನಿಂತ. ಟಿವ್ಯಾಗ ನಾ ನೋಡಿದ್ದು ಆ ಹೊತ್ತಿನ ಮೂರ್ತಿ. 2011ರಾಗ ಕ್ಲಬ್ಬಿಗೆ 125 ವರ್ಷ ತುಂಬಿದಾಗ ನಿಲ್ಲಿಸಿದ್ರಂತ. 2002ರಾಗ ಮತ್ತ ಎರಡೂ ಕಪ್ಪು ಗೆದ್ದು, 35ನೇ ವಯಸ್ಸಿಗೆ ಆಟ ಬಿಟ್ಟ. ಒಂದ ಕ್ಲಬ್ಬಿಗೆ 669 ಮ್ಯಾಚು, ದೇಶಕ್ಕ 66.

ನನಗ ಅವೆಲ್ಲಾ ಕಪ್ಪಿಗಿಂತ ದೊಡ್ಡದು ಅನಿಸಿದ್ದು ಬ್ಯಾರೆ. 2000ದಾಗ, ಇನ್ನೂ ಆಡ್ತಿದ್ದಾಗೇ, ಕುಡಿತ-ಜೂಜಿಗೆ ಸಿಕ್ಕ ಆಟಗಾರರಿಗೆ ಅಂತ ಸ್ಪೋರ್ಟಿಂಗ್ ಚಾನ್ಸ್ ಅನ್ನೋ ಚಿಕಿತ್ಸಾ ಕೇಂದ್ರ ಸುರು ಮಾಡಿದ. ತಾ ಬಿದ್ದ ಬಾವಿಗೆ ತಾನೇ ಮೆಟ್ಟಿಲು ಕಟ್ಟಿಸಿದಂಗ.

ಈಗ ಇದರ ಬಾಜೂಕ ಇನ್ನೊಂದು ಕತಿ ಇಡ್ತೇನಿ. ಇದು ಹೊಟ್ಟಿ ಸಂಕಟ ಆಗೋ ಕತಿ. ಜಾರ್ಜ್ ಬೆಸ್ಟ್. ಉತ್ತರ ಐರ್‍ಲಂಡಿನ ಬೆಲ್‌ಫಾಸ್ಟಿನ ಹುಡುಗ, 1946ರಾಗ ಹುಟ್ಟಿದಾಂವ. ಅಪ್ಪ ಹಡಗು ಕಟ್ಟೋ ಕಾರ್ಖಾನ್ಯಾಗ ಕೆಲಸದಾಂವ. 15ನೇ ವರ್ಷಕ್ಕ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಕರಸಿಕೊಂಡ್ರ, ಮನಿ ನೆನಪಾಗಿ ಎರಡು ದಿನದಾಗ ಅವ್ವನ ಹತ್ರ ಓಡಿ ಬಂದಿದ್ದ. ಮತ್ತ ಕಳಿಸಿದ್ರು. 1968ರಾಗ ಆ ಕ್ಲಬ್ಬು ಯುರೋಪಿಯನ್ ಕಪ್ಪು ಗೆದ್ದಾಗ ಫೈನಲ್ಲಿನಾಗ ಗೋಲು ಹೊಡದ. ಆ ವರ್ಷ ಯುರೋಪಿನ ಶ್ರೇಷ್ಠ ಆಟಗಾರ ಅಂತ ಬಿರುದೂ ಬಂತು, ಆಗಿನ್ನೂ 22 ವರ್ಷ. ಅಂವನ ಆಟ ಈಗ ನೋಡಿದ್ರೂ ನೀರಾಗ ಮೀನ ತಿರಗಿದಂಗ ಅನಸ್ತದ. ಆದ್ರ ಕುಡಿತ ಅಂವನ್ನ ಮೈದಾನದಿಂದ ಎಳಕೊಂಡು ಹೋತು. 27ನೇ ವಯಸ್ಸಿಗೆ, ಬ್ಯಾರೆಯವರ ಆಟ ಕುದುರೋ ಹೊತ್ತಿಗೆ, ಆ ಕ್ಲಬ್ಬು ಬಿಟ್ಟ. ಆಮ್ಯಾಲೆ ಸಣ್ಣ ಸಣ್ಣ ಕ್ಲಬ್ಬಿಗೆ ಅಲ್ಲಿಷ್ಟು ಇಲ್ಲಿಷ್ಟು ಆಡಿದ. 1984ರಾಗ ಕುಡದು ಗಾಡಿ ಹೊಡದದ್ದಕ್ಕ, ಪೊಲೀಸರ ಮ್ಯಾಲೆ ಕೈ ಮಾಡಿದ್ದಕ್ಕ ಜೇಲಾತು.

ಅಂವನ ಅವ್ವನ ಕತಿ ಓದಿ ನನಗ ಒಂದು ಹೊತ್ತು ಏನೂ ತೋಚಲಿಲ್ಲ. ಆ್ಯನ್ ಅಂತ ಆಕಿ ಹೆಸರು. ತಾನೂ ಹಾಕಿ ಆಟಗಾರ್ತಿ. ಮಗ ಹೆಸರು ಮಾಡೋ ತನಕಾ ಆಕಿ ಶೆರೆ ಮುಟ್ಟಿದಾಕಿ ಅಲ್ಲ ಅಂತಾರ. ಮಧ್ಯವಯಸ್ಸಿನಾಗ ಸುರು ಆದ ಕುಡಿತ ಆಕೀನ್ನ 1978ರಾಗ ತಗೊಂಡು ಹೋತು. ಅಂದ್ರ ನಮ್ಮ ನಿಮ್ಮ ವಯಸ್ಸಿನಾಗ. ಕುಡಿತ ಗಂಡಸರಿಗೇ ಬರೋ ರೋಗ ಅಂತ ಯಾರೂ ತಿಳಕೋಬ್ಯಾಡ್ರಿ.

ಮಗನ ಉಳಿಸಲಿಕ್ಕೆ ಎಷ್ಟು ಮಂದಿ ಕೈ ಹಚ್ಚಿದ್ರು! ಕುಡದ್ರ ವಾಂತಿ ಆಗೋ ಔಷಧದ ಗುಳಗಿ ಇರ್ತದಲ್ಲ, ಅದನ್ನ ಡಾಕ್ಟ್ರು ಹೊಟ್ಟಿ ಚರ್ಮದ ಕೆಳಗ ಇಟ್ಟು ಹೊಲದ್ರು. 2002ರ ಜುಲೈ ಕಡೀಗೆ ಲಂಡನ್ನಿನಾಗ ಬ್ಯಾರೆಯವರ ಲಿವರ್ ಹಾಕಿದ್ರು. ಯಾರೋ ಸತ್ತವರ ಮನಿಯವರು ಕಣ್ಣೀರು ಒರಸಿಕೊಂಡು ಕೊಟ್ಟ ದಾನ ಅದು. ಮುಂದಿನ ವರ್ಷ ಮತ್ತ ಕುಡೀಲಿಕ್ಕೆ ಹತ್ತಿದ. 2004ರಾಗ ಮತ್ತ ಕುಡದು ಗಾಡಿ ಹೊಡದ ಕೇಸು. 2005ರ ನವೆಂಬರ್ 25ಕ್ಕ ತೀರಿಕೊಂಡ, 59 ವರ್ಷ. ಅದಕ್ಕಿಂತ ಸ್ವಲ್ಪ ದಿನ ಮೊದಲ ಆಸ್ಪತ್ರ್ಯಾಗ ಹಳದಿಗಟ್ಟಿದ ಮಾರಿದು ತನ್ನ ಫೋಟೋ ಪೇಪರಿನಾಗ ಹಾಕಸಿ, ನನ್ನಂಗ ಸಾಯಬ್ಯಾಡ್ರಿ ಅಂತ ಮಂದಿಗೆ ಹೇಳಿದ. ಬೆಲ್‌ಫಾಸ್ಟಿನಾಗ ಅವ್ವನ ಬಾಜೂಕನ ಮಣ್ಣು ಮಾಡಿದ್ರು. ಎರಡು ದಿನದಾಗ ಅವ್ವನ ಹತ್ರ ಓಡಿ ಬಂದ ಹುಡುಗ ಕಡೀಗೂ ಅಲ್ಲೇ ಬಂದ.

ಈ ಎರಡೂ ಕತಿ ಕೇಳಿ ಆ್ಯಡಮ್ಸ್ ಗಟ್ಟಿಗ, ಬೆಸ್ಟ್ ಪುಕ್ಕಲ ಅಂತ ತೀರ್ಪು ಕೊಡಬ್ಯಾಡ್ರಿ. ಒಬ್ಬರ ಸಕ್ಕರಿ ಗುಳಿಗ್ಯಾಗ ನಿಲ್ತದ, ಇನ್ನೊಬ್ಬರದ್ದು ಇಂಜೆಕ್ಷನ್ನಿಗೂ ನಿಲ್ಲೂದಿಲ್ಲ. ಹಂಗ ಈ ರೋಗಾನೂ ಒಬ್ಬೊಬ್ಬರನ್ನ ಒಂದೊಂದು ಥರ ಹಿಡೀತದ. ಭಾಳ ವರ್ಷ ಕುಡದವರ ಮೆದುಳಿಗೆ ಶೆರೆ ಇಲ್ಲದ ಇರೋದ ಮರತು ಹೋಗಿರ್ತದ. ಮುಂಜಾನೆ ಎದ್ದ ಕೂಡಲೇ ಕೈ ನಡಗ್ತಾವ, ನಿದ್ದಿ ಬರೂದಿಲ್ಲ, ಬ್ಯಾಡ ಅಂದ್ರೂ ಮನಸ್ಸು ಅಲ್ಲೇ ಎಳೀತದ. ಬಿಟ್ಟವರೂ ಎಷ್ಟೋ ಸಲ ಜಾರ್ತಾರ. ಅದಕ್ಕ ಡಾಕ್ಟ್ರು ರೋಗ ಅಂತ ಹೇಳೋದು ಖರೆ ಅದ.

ಆದ್ರ ರೋಗ ಅಂದ್ರ ಮಾಫಿ ಅಂತ ಅರ್ಥ ಅಲ್ಲ. ಇದ ನಾ ಆ ಹುಡುಗಿಗೆ ಹೇಳಬೇಕಾಗಿದ್ದ ಮಾತು. ಸಕ್ಕರಿ ರೋಗ ಬಂದದ್ದು ಯಾರ ತಪ್ಪೂ ಅಲ್ಲ. ಆದ್ರ ಗೊತ್ತಾದಮ್ಯಾಲೆ ಗುಳಿಗಿ ತಗೊಳ್ಳೋದು, ಹೋಳಗಿ ಮುಂದ ಬಂದಾಗ ಬಾಯಿ ಕಟ್ಟೋದು ಯಾರು ಮಾಡಬೇಕು? ನಾವು ಸಕ್ಕರಿ ಇಲ್ಲದ ಚಹಾ ಮಾಡಿ ಕೊಡಬಹುದು, ಹೋಳಗಿ ಡಬ್ಬಿ ಮ್ಯಾಲಿಡಬಹುದು. ಅವರ ಬದಲಿಗೆ ಪಥ್ಯ ಮಾತ್ರ ನಾವು ಮಾಡಲಿಕ್ಕೆ ಬರೂದಿಲ್ಲ. ಬೆಸ್ಟ್‌ಗೆ ಹೊಟ್ಟ್ಯಾಗ ಗುಳಗಿ ಹೊಲದ್ರೂ ಆಗಲಿಲ್ಲ, ಹೊಸಾ ಲಿವರ್ ಹಾಕಿದ್ರೂ ಆಗಲಿಲ್ಲ. ಆ್ಯಡಮ್ಸ್‌ಗೆ ಜೇಲು ಬಿಡಿಸಲಿಲ್ಲ, ಕಪ್ಪು ಬಿಡಿಸಲಿಲ್ಲ. ತಾನೇ "ನನ್ನ ಕೈಲಿ ಆಗವಲ್ದು, ನನಗ ಸಹಾಯ ಬೇಕು" ಅಂದ ದಿನಾ ಸುರು ಆತು. ಸೋತೆ ಅಂತ ಒಪ್ಪಿಕೊಂಡದ್ದೇ ಅಂವನ ಜವಾಬ್ದಾರಿ ತಗೊಂಡ ಗುರ್ತು.

ಕುಡಿಯೋದು ಬಿಟ್ಟವರು ಬಿಡಬೇಕಂತಿರೋರಿಗೆ ಸಹಾಯ ಮಾಡೋ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಕೂಟ ಅದ. 1935ರಾಗ ಅಮೆರಿಕಾದಾಗ ಇಬ್ಬರು ಕುಡುಕರೇ ಕೂಡಿ ಸುರು ಮಾಡಿದ್ದು, ಈಗ ನಮ್ಮ ದೇಶದಾಗೂ ನಡೀತದ. ಅವರದು 12 ಮೆಟ್ಟಿಲು. ಮೊದಲನೇದು, ಕುಡಿತದ ಮುಂದ ನನ್ನ ಕೈ ಸಾಗವಲ್ದು ಅಂತ ಒಪ್ಪಿಕೊಳ್ಳೋದು. ಅಲ್ಲಿಗೇ ಮುಗೀತು ಅಂತ ತಿಳೀಬ್ಯಾಡ್ರಿ. ಮುಂದಿನ ಮೆಟ್ಟಿಲಿನಾಗ ತನ್ನಿಂದ ಯಾರಿಗೆಲ್ಲಾ ನೋವಾಗೇದ ಅಂತ ಯಾದಿ ಮಾಡಬೇಕು, ಆಗೂವಷ್ಟು ಅವರಿಗೆ ಅದನ್ನ ಸರಿಪಡಿಸಿ ಕೊಡಬೇಕು. ರೋಗ ಅಂತಾನೂ ಹೇಳ್ತಾರ, ಲೆಕ್ಕಾನೂ ಕೇಳ್ತಾರ. ಎರಡೂ ಒಂದ ಉಸಿರಿನಾಗ.

ಇನ್ನ ನಮ್ಮ ಪಾಲಿನ ಮಾತು. ನಮ್ಮ ಬಳಗದಾಗ ಒಬ್ಬ ಮೌಶಿ ಇದ್ರು. ಈಗ ಅವರೂ ಇಲ್ಲ, ಅವರ ಮನಿಯವರೂ ಇಲ್ಲ. ಮೌಶಿ ಮೂವತ್ತು ವರ್ಷ ಗಂಡನ ಆಫೀಸಿಗೆ "ಅವರಿಗೆ ಜ್ವರ ಬಂದದ, ಇವತ್ತು ಬರೂದಿಲ್ಲ" ಅಂತ ಹೇಳಿ ಕಳಿಸಿದ್ರು. ಅಂಗಡಿ ಉದ್ರಿ ತಾವೇ ತೀರಿಸಿದ್ರು. ಪಡಸಾಲ್ಯಾಗ ವಾಂತಿ ಮಾಡಿದ್ದನ್ನ ಹುಡುಗ್ರು ಏಳೋದ್ರೊಳಗ ತಾವೇ ಬಳದ್ರು. ಮುಂಜಾನೆ ಎದ್ದಾಗ ಕಾಕಾಗ ಸ್ವಚ್ಛ ಪಡಸಾಲಿ ಕಾಣಸ್ತಿತ್ತು, ಬಿಸಿ ಚಹಾ ಸಿಗತಿತ್ತು. ತಾ ಏನು ಮಾಡೇನಿ ಅಂತ ಅವರಿಗೆ ಒಂದಿನಾನೂ ಕಾಣಲೇ ಇಲ್ಲ. ಮೌಶಿ ಮಾಡಿದ್ದು ಮಾನಕ್ಕಂಜಿ, ಮಕ್ಕಳ ಸಲುವಾಗಿ. ಅವರಿಗೆ ನಾ ತಪ್ಪು ಹಚ್ಚೂದಿಲ್ಲ. ಆಗ ಹಿಂಗ ಅಂತ ಹೇಳಿಕೊಡೋರು ಯಾರಿದ್ರು? ಈಗಿನ ಹುಡುಗ್ಯಾರಿಗೆ ಮಾತ್ರ ಹೇಳ್ತೇನಿ: ಅವರ ಸುಳ್ಳು ಅವರೇ ಹೇಳಲಿ, ಉದ್ರಿ ಅವರೇ ತೀರಿಸಲಿ. ಬಿದ್ದಲ್ಲಿ ಹಂಗೇ ಬಿಡ್ರಿ ಅಂತಲ್ಲ. ವಾಂತಿ ಬಂದು ಉಸಿರು ಕಟ್ಟಬಾರದಂತ ಮಗ್ಗಲಾ ಮಲಗಿಸ್ರಿ, ಎಬ್ಬಿಸಿದ್ರೂ ಏಳದಿದ್ರ ದವಾಖಾನಿಗೆ ಒಯ್ಯಿರಿ. ಜೀವಾ ಕಾಯೋದು ಬ್ಯಾರೆ, ತಪ್ಪು ಮುಚ್ಚೋದು ಬ್ಯಾರೆ.

ಇನ್ನೊಂದು, ಭಾಳ ಮುಖ್ಯದ್ದು. "ಅವರಿಗೆ ಗೊತ್ತಿಲ್ಲದಂಗ ಕುಡಿತ ಬಿಡಿಸ್ರಿ" ಅಂತ ಪುಡಿ ಮಾರ್ತಾರಲ್ಲ, ಸಾರಿನಾಗ, ಚಹಾದಾಗ ಕಲಿಸಿ ಕೊಡಬೇಕಂತ, ಅದನ್ನ ಯಾರೂ ಮಾಡಬ್ಯಾಡ್ರಿ. ಅದರಾಗ ಏನು ಇರ್ತದೋ ಯಾರಿಗೆ ಗೊತ್ತು. ಕುಡದ್ರ ವಾಂತಿ ಬರಸೋ ಔಷಧ ಡಾಕ್ಟ್ರು ಬರದು ಕೊಡೋದು ಖರೆ, ಆದ್ರ ರೋಗಿಗೆ ಹೇಳಿ, ಒಪ್ಪಿಸಿ ಕೊಡ್ತಾರ. ಅದು ಹೊಟ್ಟ್ಯಾಗ ಇದ್ದಾಗ ಗೊತ್ತಿಲ್ಲದ ಕುಡದ್ರ ಬಿಪಿ ಇಳದು, ಎದಿ ಬಡಿತ ಏರಿ ಜೀವಕ್ಕ ಬರ್ತದ. ಇದರಾಗ ಇನ್ನೊಂದು ಸೂಕ್ಷ್ಮ ಅದ. ಕದ್ದು ಕೊಟ್ಟ ಔಷಧಲೇ ಬಿಟ್ರ ಬಿಟ್ಟಾಂವ ಅಂವಾ ಅಲ್ಲ, ಬಿಡಿಸಿದಾಕಿ ನೀವು. ನೀವು ಪುಡಿ ಹಾಕೋದು ತಪ್ಪಿಸಿದ ದಿನಾ ಮತ್ತ ಕುಡೀತಾನ.

ದಿನಾ ಭಾಳ ಕುಡಿಯೋರನ್ನ ಖೋಲ್ಯಾಗ ಹಾಕಿ ಕೀಲಿ ಹಾಕೋದು, "ಇವತ್ತಿನಿಂದ ಬಂದ್" ಅಂತ ಆಣಿ ಮಾಡಸೋದೂ ಬ್ಯಾಡ. ಒಮ್ಮೆಲೇ ನಿಂತ್ರ ಫಿಟ್ಸ್ ಬರಬಹುದು, ಭ್ರಮಾ ಹಿಡೀಬಹುದು. ಡಾಕ್ಟ್ರ ಕಣ್ಣ ಮುಂದ ಬಿಡಿಸಬೇಕು. ಧಾರವಾಡದಾಗ ಡಿಮ್ಹಾನ್ಸ್ ಅದ, ಬೆಂಗಳೂರಾಗ ನಿಮ್ಹಾನ್ಸ್ ಅದ. ಅಲ್ಲಿ ಹೋಗಲಿಕ್ಕೆ ನಾಚಿಕಿ ಅನಿಸಿದ್ರ ಮೊದಲ ಫೋನ್ ಮಾಡ್ರಿ. ವ್ಯಸನ ಬಿಡಿಸೋ ಸರ್ಕಾರಿ ಸಹಾಯವಾಣಿ 14446, ದುಡ್ಡು ಹತ್ತೂದಿಲ್ಲ. ಕುಡಿಯೋರೇ ಮಾಡಬೇಕಂತಿಲ್ಲ, ನೀವೂ ಕೇಳಬಹುದು.

ಕುಡಿಯೋರ ಮನಿ ಮಂದಿಗೆ ಅಂತ ಅಲ್-ಅನಾನ್ ಅಂತ ಬ್ಯಾರೆ ಕೂಟಾನ ಅದ. ಅಲ್ಲಿ ಮೂರು ಮಾತು ಕಲಿಸ್ತಾರ: ಇದಕ್ಕ ನಾ ಕಾರಣ ಅಲ್ಲ, ಇದನ್ನ ನಾ ಹಿಡದು ನಿಲ್ಲಸಲಿಕ್ಕೆ ಆಗೂದಿಲ್ಲ, ಇದನ್ನ ನಾ ವಾಸಿ ಮಾಡಲಿಕ್ಕೆ ಆಗೂದಿಲ್ಲ. "ಹೆಂಡತಿ ಸರಿ ಇದ್ದಿದ್ರ ಅಂವಾ ಯಾಕ ಕುಡೀತಿದ್ದ" ಅಂತ ಕೇಳಿ ಕೇಳಿ ಸವದ ಹೆಣ್ಮಕ್ಕಳಿಗೆ ಆ ಮೊದಲನೇ ಮಾತು ಒಂದ ಸಾಕು. ಅತ್ತಿಯಾದವರೂ ಇದನ್ನ ಓದ್ರಿ. ಮಗ ಕುಡದ್ರ ಸೊಸೀನ್ನ ಕೇಳಬ್ಯಾಡ್ರಿ, ಮಗನ್ನ ಕೇಳ್ರಿ.

ಕೈ ಎತ್ತೋರ ಬಗ್ಗೆ ಒಂದು ಮಾತು ಬ್ಯಾರೆನ ಹೇಳಬೇಕು. ಹೊಡಿಯೋದು ರೋಗದ ಲಕ್ಷಣ ಅಂತ ಸುಮ್ಮನಿರಬ್ಯಾಡ್ರಿ. ಕುಡದ ಅಮಲಿನಾಗ ಹೊಡದ್ರೂ ಹೊಡೆತ ಹೊಡೆತನ. ಆ್ಯಡಮ್ಸ್‌ಗೆ ರೋಗ ಇತ್ತು ಅಂತ ಕೋರ್ಟು ಬಿಡಲಿಲ್ಲ, ಅಭಿಮಾನಿಗಳು ಜೈಕಾರ ಹಾಕಿದ್ರೂ ಬಿಡಲಿಲ್ಲ. ಹೆಣ್ಮಕ್ಕಳ ಸಹಾಯವಾಣಿ 181. ನಂಬರ್ ಫೋನಿನಾಗ ಬ್ಯಾರೆ ಹೆಸರಿಲೆ ಬರದಿಟ್ಟುಕೋರಿ. ತವರುಮನಿಯವರೂ "ಹೊಂದಿಕೊಂಡು ಹೋಗು" ಅನ್ನೋಕ್ಕಿಂತ ಮೊದಲ ಹುಡುಗಿ ಮೈ ಕೈ ನೋಡ್ರಿ.

ಮತ್ತ ಆ ಹುಡುಗಿ ಪ್ರಶ್ನೆ, ಬೈಯೋದು ತಪ್ಪೇನು ಅಂತ. ಕುಡದಾಗ ಬೈದ್ರ ಉಪಯೋಗಿಲ್ಲ, ಅದು ಗ್ವಾಡಿಗೆ ಹೇಳಿದಂಗ. ಮರುದಿನಾ ಮುಂಜಾನೆ ಎಚ್ಚರ ಇದ್ದಾಗ, ಹುಡುಗ್ರು ಶಾಲೆಗೆ ಹೋದಮ್ಯಾಲೆ, ದನಿ ಏರಸದ ಕೂತು ಹೇಳ್ರಿ. ನಿನ್ನೆ ಏನೇನಾತು ಅಂತ ಇದ್ದದ್ದು ಇದ್ದಂಗ ಹೇಳ್ರಿ, ಹೆಚ್ಚಿಲ್ಲ ಕಡಿಮಿಲ್ಲ. "ನಿಮಗ ರೋಗ ಅದ, ದವಾಖಾನಿಗೆ ನಡೀರಿ, ನಾ ಕೂಡ ಬರ್ತೇನಿ. ಆದ್ರ ಇನ್ನ ಮುಂದ ನಿಮ್ಮ ಸಲುವಾಗಿ ಸುಳ್ಳು ಹೇಳೂದಿಲ್ಲ" ಅನ್ರಿ. ಮೊದಲನೇ ಸಲಕ್ಕ ಕೇಳೂದಿಲ್ಲ. ಐದನೇ ಸಲಕ್ಕೂ ಕೇಳಲಿಕ್ಕಿಲ್ಲ. ಆ್ಯಡಮ್ಸ್ ಜೇಲಿಂದ ಬಂದು ಐದೂವರಿ ವರ್ಷಕ್ಕ ಕೇಳಿದ, ಬೆಸ್ಟ್ ಕೇಳಲೇ ಇಲ್ಲ. ಯಾರ ಮನ್ಯಾಗ ಯಾವ ಕತಿ ಆಗ್ತದೋ ಹೇಳಲಿಕ್ಕೆ ಬರೂದಿಲ್ಲ.

ಬಿಟ್ಟವರ ಮನಿಗೆ ಹೋದಾಗ ಮಾತ್ರ ಒಂದು ನೆನಪಿಡ್ರಿ. "ಈಗ ಬಿಟ್ಟಾನಂತ, ಎಷ್ಟು ದಿನಾ ಬಿಡ್ತಾನೋ ನೋಡೋಣು" ಅಂತ ನಗಬ್ಯಾಡ್ರಿ. ಆ ಕೂಟದವರು ಜೀವನಪೂರ್ತಿ ಬಿಡ್ತೇನಿ ಅಂತ ಆಣಿ ಮಾಡೂದಿಲ್ಲ, ಇವತ್ತೊಂದು ದಿನಾ ಕುಡಿಯೂದಿಲ್ಲ ಅಂತಾರ. ನಾವೂ ಏಕಾದಶಿ ಉಪವಾಸ ಹಂಗೇ ಮಾಡ್ತೀವಿ, ಇವತ್ತೊಂದು ದಿನಾ ಅಂತ. ಅವರಿಗೆ ದಿನಾ ಏಕಾದಶಿ. ಮದುವಿ ಮುಂಜಿವಿಗೆ ಅವರು ಬಂದ್ರ ಒಂದು ಲೋಟಾ ಪಾನಕ ಕೊಟ್ಟು, ಆರಾಮ ಇದ್ದೀರೇನು ಅಂತ ಕೇಳ್ರಿ, ಅಷ್ಟ ಸಾಕು.